ಜಗಳ ಬಿಡಿಸುವವರು

ಹದಿಮೂರು-ಹದಿನಾಲ್ಕರ ಹುಡುಗನೊಬ್ಬ ಹೊಡೆದಾಟದ ಆಟ ಕಲಿಯುತ್ತೇನೆ ಅಂದಾಗ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಯಾವುದನ್ನು ಕಲಿಯಬೇಕು ಅನ್ನೋದು ಹುಡುಗನ ಪ್ರಶ್ನೆ: ಕುಸ್ತಿಯೋ, ಜೂಡೋವೋ, ಕರಾಟೆಯೋ, ಬಾಕ್ಸಿಂಗೋ? ಯಾಕೆ ಕಲಿಯಬೇಕು ಅನ್ನೋದು ದೊಡ್ಡವರ ಪ್ರಶ್ನೆ. ಪರ ಊರಿನಲ್ಲಿ ಬದುಕುವವರಿಗೆ ಇವೆರಡೂ ಕೊನೆಗೆ ಒಂದೇ ಪ್ರಶ್ನೆ ಆಗಿಬಿಡುತ್ತವೆ ಅಂತ ನನಗೆ ಅನ್ನಿಸುತ್ತದೆ.

ನಾನಿರುವುದು ಹೈದರಾಬಾದಿನ ನಾಂಪಲ್ಲಿಯಲ್ಲಿ. ಬೀದರ, ಕಲಬುರಗಿ, ರಾಯಚೂರು ಕಡೆಯವರಿಗೆ ಇದು ಪೂರ್ತಿ ಪರ ಊರೂ ಅಲ್ಲ. 1956ರವರೆಗೆ ನಮ್ಮ ಹಿರಿಯರಿಗೆ ಇದೇ ರಾಜಧಾನಿ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ಆದರೂ ನಾಂಪಲ್ಲಿ ಸ್ಟೇಷನ್ನಿನಿಂದ ಹೊರಬಿದ್ದು ಯೂಸುಫೈನ್ ದರ್ಗಾದ ಕಡೆ ನಡೆದರೆ, ನಮ್ಮನ್ನು ಹೆಸರು ಹಿಡಿದು ಕೂಗುವವರು ಒಬ್ಬರೂ ಸಿಗುವುದಿಲ್ಲ. ಜನವರಿಯಲ್ಲಿ ನುಮಾಯಿಷ್ ಶುರುವಾದರಂತೂ ಮುಗಿದೇ ಹೋಯಿತು. ಲಕ್ಷಗಟ್ಟಲೆ ಮುಖ, ಪರಿಚಯದ್ದು ಒಂದೂ ಇಲ್ಲ.

ನಮ್ಮಕ್ಕನ ಮಗ ನಮ್ಮಲ್ಲೇ ಇದ್ದು ಓದುತ್ತಾನೆ. ಲಾಲ್ ಬಹಾದೂರ್ ಕ್ರೀಡಾಂಗಣ ನಮ್ಮಿಂದ ನಡೆದು ಹೋಗುವಷ್ಟೇ ದೂರ. ಹಳಬರು ಅದನ್ನು ಈಗಲೂ ಫತೇ ಮೈದಾನ ಅಂತಲೇ ಕರೆಯುತ್ತಾರೆ. ಆ ಕಡೆ ಹೋಗಿಬಂದವನು ಒಂದು ದಿನ ಕೇಳಿದ, ‘ಮಾಮಾ, ನಾ ಬಾಕ್ಸಿಂಗ್ ಕಲೀಲೇನು, ಕುಸ್ತಿ ಕಲೀಲೇನು?’ ಯಾಕೋ ಅಂದೆ. ‘ಊರಾಗಾದ್ರ ಜಗಳ ಬಿದ್ರ ಬಿಡಸ್ಲಾಕ ಯಾರರೆ ಬರ್ತಾರ. ಇಲ್ಲಿ ಯಾರ್ ಬರ್ತಾರ?’ ಅಂದ.

ಅವನ ಮಾತು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ನಮ್ಮ ಊರುಗಳಲ್ಲಿ ಹುಡುಗರು ಹೊಡೆದಾಡುವುದಿಲ್ಲ ಅಂತಲ್ಲ, ಭರ್ಜರಿಯಾಗಿಯೇ ಹೊಡೆದಾಡುತ್ತಾರೆ. ಆದರೆ ಕಟ್ಟೆಯ ಮೇಲೆ ಕೂತ ಮುದುಕರೊಬ್ಬರು ‘ಏ, ಯಾರ ಮಗನೋ ನೀ?’ ಅಂತ ಗದರಿದರೆ ಅಲ್ಲಿಗೆ ಕೈ ನಿಲ್ಲುತ್ತದೆ. ಆ ಒಂದು ಪ್ರಶ್ನೆಯಲ್ಲಿ ಅಪ್ಪ, ಅಜ್ಜ, ಓಣಿ ಎಲ್ಲಾ ಬಂದು ನಡುವೆ ನಿಂತುಬಿಡುತ್ತವೆ. ಪರ ಊರಿನಲ್ಲಿ ಯಾರ ಮಗ ಅಂತ ಯಾರೂ ಕೇಳುವುದಿಲ್ಲ. ಆದ್ದರಿಂದ ಹುಡುಗನಿಗೆ ಹೊಡೆಯುವ ಕೈ ಬೇಕು ಅನ್ನಿಸುತ್ತದೆ. ಅವನಿಗಿಂತ ಮೊದಲು ಅವನ ತಾಯಿತಂದೆಗೇ ಹಾಗೆ ಅನ್ನಿಸಿರುತ್ತದೆ. ನನ್ನ ಅನುಮಾನ ಇರುವುದು ಇಲ್ಲಿಯೇ. ಬಿಡಿಸುವವರು ಇಲ್ಲದ ಕಡೆ ಹೊಡೆಯುವ ಕೈಯೊಂದನ್ನೇ ಕೊಟ್ಟು ಕಳಿಸಿದರೆ ಸಾಕೇ? ಆ ಕೈಯನ್ನು ತಡೆಯುವ ಮುದುಕರು ಎಲ್ಲಿಂದ ಬರಬೇಕು?

ಈ ಪ್ರಶ್ನೆ ಇಟ್ಟುಕೊಂಡು ಒಂದೊಂದೇ ಆಟ ನೋಡೋಣ.

ಮೊದಲು ಕುಸ್ತಿ. ಗರಡಿ ಮನೆಗೆ ಇಳಿದವನು ಮೊದಲು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾನೆ. ಆ ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಶಿನ, ಮಜ್ಜಿಗೆ ಹಾಕಿ ಹದ ಮಾಡಿರುತ್ತಾರೆ. ಯಾರಿಗಾಗಿ? ಬೀಳುವವನಿಗಾಗಿ. ಕುಸ್ತಿ ಶುರುವಾಗುವ ಮೊದಲೇ ಸೋಲುವವನ ಬೆನ್ನಿನ ಬಗ್ಗೆ ಯಾರೋ ಯೋಚನೆ ಮಾಡಿದ್ದಾರೆ. ಎದುರಾಳಿಯ ಬೆನ್ನು ನೆಲಕ್ಕೆ ತಾಗಿತೋ, ಚಿತ್. ಗೆದ್ದವನ ಕೆಲಸ ಅಲ್ಲಿಗೆ ಮುಗಿಯಿತು. ಬಿದ್ದವನನ್ನು ಇನ್ನೂ ಏನಾದರೂ ಮಾಡುವುದಕ್ಕೆ ಆಟದಲ್ಲಿ ಜಾಗವೇ ಇಲ್ಲ.

ಜೂಡೋ ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯುತ್ತದೆ. 1882ರಲ್ಲಿ ಟೋಕಿಯೋದಲ್ಲಿ ಕಾನೋ ಜಿಗೊರೋ ಇದನ್ನು ಕಟ್ಟಿದಾಗ, ಹಳೆಯ ಜುಜುತ್ಸುವಿನ ಅಪಾಯದ ಪಟ್ಟುಗಳನ್ನು ತೆಗೆದಿಟ್ಟು, ಹುಡುಗರು ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಬಹುದಾದದ್ದನ್ನು ಉಳಿಸಿಕೊಂಡರು. ಹೊಸದಾಗಿ ಸೇರಿದವನಿಗೆ ಮೊದಲು ಕಲಿಸೋದು ಬೀಳುವುದನ್ನು. ಗದ್ದ ಎದೆಗೆ ಒತ್ತಿ, ಕೈಯಿಂದ ಚಾಪೆಯನ್ನು ಬಡಿದು, ತಲೆಗೆ ಪೆಟ್ಟಾಗದಂತೆ ಬೀಳುವುದು. ಪಟ್ಟಿಗೆ ಸಿಕ್ಕವನು ಎರಡು ಸಲ ತಟ್ಟಿದರೆ ಹಿಡಿದವನು ಬಿಡಲೇಬೇಕು. ರೆಫ್ರಿ ಹೇಳುವವರೆಗೆ ಕಾಯಬೇಕಿಲ್ಲ. ಅಂದರೆ ‘ಸಾಕು’ ಅನ್ನುವ ಮಾತನ್ನು ಹುಡುಗ ತನ್ನ ಮೈಯಿಂದಲೇ ಕೇಳಿಸಿಕೊಳ್ಳುತ್ತಾನೆ. ದಿನಕ್ಕೆ ಇಪ್ಪತ್ತು ಸಲ ತಾನು ತಟ್ಟಿ ಬಿಡಿಸಿಕೊಂಡವನಿಗೆ, ಇನ್ನೊಬ್ಬ ತಟ್ಟಿದಾಗ ಬಿಡುವುದು ಅಭ್ಯಾಸವಾಗಿರುತ್ತದೆ. ಕಟ್ಟೆಯ ಮೇಲಿನ ಮುದುಕರು ಮೆಲ್ಲಗೆ ಅವನ ಕೈಯೊಳಗೇ ಬಂದು ಕೂರುತ್ತಾರೆ.

ಬಾಕ್ಸಿಂಗಿನ ಮಾತು ಬೇರೆ. ಅಲ್ಲಿಯೂ ನಿಯಮ ಇದೆ, ಗ್ಲೌಸ್ ಇದೆ, ಪೆಟ್ಟು ಜೋರಾಗಿ ಬಿದ್ದರೆ ರೆಫ್ರಿ ತಡೆದು ಎಂಟರವರೆಗೆ ಎಣಿಸುತ್ತಾನೆ. ಆದರೆ ತಲೆಗೆ ಹೊಡೆಯುವುದು ಅಲ್ಲಿ ಆಕಸ್ಮಿಕ ಅಲ್ಲ, ಅದೇ ಅಂಕ. ವಿಶ್ವ ವೈದ್ಯಕೀಯ ಸಂಘ 1983ರಲ್ಲಿಯೇ ಈ ಆಟವನ್ನು ನಿಷೇಧಿಸಬೇಕು ಅಂದಿತ್ತು. 2011ರಲ್ಲಿ ಅಮೆರಿಕ ಮತ್ತು ಕೆನಡಾದ ಮಕ್ಕಳ ವೈದ್ಯರ ಸಂಘಗಳು, ಮಕ್ಕಳೂ ಹದಿಹರೆಯದವರೂ ಬಾಕ್ಸಿಂಗಿಗೆ ಇಳಿಯುವುದು ಬೇಡ ಅಂತ ಜಂಟಿಯಾಗಿ ಹೇಳಿದವು. ಕುಸ್ತಿಯಲ್ಲಿ ಕೈ ಉಳುಕುವುದಿಲ್ಲವೇ, ಜೂಡೋದಲ್ಲಿ ಭುಜ ತಪ್ಪುವುದಿಲ್ಲವೇ ಅಂತ ಕೇಳಬಹುದು. ಉಳುಕುತ್ತದೆ, ತಪ್ಪುತ್ತದೆ. ಆದರೂ ನೋವಾಗೋದು ಬೇರೆ, ನೋಯಿಸೋದು ಬೇರೆ. ಹದಿನಾಲ್ಕರ ವಯಸ್ಸಿನಲ್ಲಿ ಈ ವ್ಯತ್ಯಾಸ ಇನ್ನೂ ಗಟ್ಟಿಯಾಗಿ ಕೂತಿರುವುದಿಲ್ಲ.

ಇಷ್ಟು ಬರೆದಮೇಲೆ ನಿಜಾಮಾಬಾದಿನ ನಿಖತ್ ಜರೀನ್ ನೆನಪಾಗದೆ ಇರುವುದಿಲ್ಲ. 1996ರಲ್ಲಿ ಹುಟ್ಟಿದ ಈ ಹುಡುಗಿ ಮೊದಲು ಓಡುತ್ತಿದ್ದಳು, ಆಮೇಲೆ ಗ್ಲೌಸ್ ಹಾಕಿದಳು. 2011ರಲ್ಲಿ, ಹದಿನಾಲ್ಕು ವರ್ಷಕ್ಕೇ, ಕಿರಿಯರ ವಿಶ್ವ ಚಾಂಪಿಯನ್ ಆದಳು. 2022ರಲ್ಲಿ ಇಸ್ತಾನ್‌ಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ಹಿರಿಯರ ವಿಶ್ವ ಪಟ್ಟ. ಅವಳ ಮುಂದೆ ನನ್ನ ತರ್ಕ ಸ್ವಲ್ಪ ಸಣ್ಣದಾಗುತ್ತದೆ. ಹುಡುಗಿಗೆ ಯಾಕಮ್ಮಾ ಇದು ಅನ್ನುವ ಲೋಕದಲ್ಲಿ, ಎದ್ದು ನಿಂತು ಹೊಡೆಯಬಲ್ಲೆ ಅಂತ ತನಗೆ ತಾನೇ ತೋರಿಸಿಕೊಳ್ಳುವುದೂ ಒಂದು ನೀತಿಯೇ. ಸದಾ ತಡೆದುಕೊಂಡೇ ಬೆಳೆದವರಿಗೆ ಇನ್ನೂ ತಡೆದುಕೋ ಅಂತ ಉಪದೇಶ ಮಾಡುವುದು ಅನ್ಯಾಯ. ಹಾಗಾಗಿ ನನ್ನ ಮಾತು ಎಲ್ಲರಿಗೂ ಒಂದೇ ಅಳತೆಯ ಅಂಗಿ ಅಲ್ಲ. ಅಂಜಿಕೆಯಿಂದ ಮುದುಡಿದ ಮಗುವಿಗೆ ಬೇಕಾದದ್ದು ಬೇರೆ, ಅಂಜಿಕೆಯಿಂದ ಮುಷ್ಟಿ ಬಿಗಿ ಹಿಡಿದ ಮಗುವಿಗೆ ಬೇಕಾದದ್ದು ಬೇರೆ. ನಮ್ಮ ಮನೆಯ ಹುಡುಗ ಎರಡನೆಯ ಥರದವನು.

ಅಂಥವನ ವಿಷಯದಲ್ಲಿ ಈ ಊರೇ ಒಂದು ಎಚ್ಚರಿಕೆ ಕೊಡುತ್ತದೆ. ಹೈದರಾಬಾದಿನಲ್ಲಿ ಪೈಲ್ವಾನ್ ಅನ್ನುವ ಮಾತಿಗೆ ಎರಡು ಅರ್ಥ. ಒಂದು, ಹಳೇ ಊರಿನ ತಾಲೀಮುಗಳಲ್ಲಿ, ಬಾರ್ಕಸ್‌ನ ಅರಬ್ ಮೂಲದ ಮನೆತನಗಳಲ್ಲಿ ತಲೆಮಾರಿನಿಂದ ಬಂದ ಮಾನದ ಹೆಸರು. ಇನ್ನೊಂದು, ಜಾಗದ ತಕರಾರಿನಲ್ಲಿ ಹಣ ತಗೊಂಡು ಹೆದರಿಸುವವನಿಗೆ ಜನ ಪಿಸುಮಾತಿನಲ್ಲಿ ಇಟ್ಟ ಹೆಸರು. ಮಣ್ಣು ಅದೇ, ಬೈಠಕ್ ಅದೇ, ದಂಡ ಅದೇ. ಹಾಗಾದರೆ ಕುಸ್ತಿ ತಾನಾಗಿಯೇ ಯಾರನ್ನೂ ಒಳ್ಳೆಯವನನ್ನಾಗಿ ಮಾಡುವುದಿಲ್ಲ. ಆಟ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ಉಸ್ತಾದರದು. ಮೈಸೂರಿನ ಜೆಟ್ಟಿಗಳ ವಜ್ರಮುಷ್ಟಿ ಕಾಳಗವನ್ನೇ ನೋಡಿ. ಬೋಳಿಸಿದ ತಲೆ, ಬೆರಳಿಗೆ ಮುಳ್ಳಿನ ಆಯುಧ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ವಿಜಯದಶಮಿಯ ದಿನ ಅರಮನೆಯಲ್ಲಿ, ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಹಿರಿಯರು ನಡುವೆ ಬಂದು ಇಬ್ಬರನ್ನೂ ಬಿಡಿಸುತ್ತಾರೆ. ಅಷ್ಟು ಭಯಂಕರ ಕಾಳಗವೂ ಉಳಿದು ಬಂದಿರುವುದು ಬಿಡಿಸುವವರು ಇರುವುದರಿಂದ.

ಮೊದಲ ಆಟವೇ ಕೊನೆಯ ಆಟ ಆಗಬೇಕಿಲ್ಲ ಅನ್ನೋದೂ ನೆನಪಿರಲಿ. ಬೆಳಗಾವಿಯ ಮಲಪ್ರಭಾ ಜಾಧವ್ ಜೂಡೋದಿಂದ ಶುರು ಮಾಡಿ, 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಮಧ್ಯ ಏಷ್ಯಾದ ಕುಸ್ತಿಯಲ್ಲಿ ಕಂಚು ತಂದರು. ಬೀಳಲು ಕಲಿತವರು ಯಾವ ಚಾಪೆಗಾದರೂ ಹೋಗಬಹುದು. ಹದಿನೆಂಟು ತುಂಬಿದ ಮೇಲೆ ಬಾಕ್ಸಿಂಗೇ ಬೇಕು ಅಂದರೆ ಬೇಡ ಅನ್ನಲು ನಾನ್ಯಾರು?

ಇಷ್ಟಾಗಿ, ಬೀದಿಯಲ್ಲಿ ಯಾರೂ ತಟ್ಟಿದರೆ ಬಿಡುವುದಿಲ್ಲವಲ್ಲ ಅನ್ನುವ ಆಕ್ಷೇಪಣೆ ಉಳಿಯುತ್ತದೆ. ನಿಜವೇ. ಆದರೆ ಚಾಕು ಹಿಡಿದವನ ಮುಂದೆ ಆರು ತಿಂಗಳ ಬಾಕ್ಸಿಂಗೂ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಕಾಲಿಗೆ ಬುದ್ಧಿ ಹೇಳುವುದೇ ಜಾಣತನ. ಪ್ರತಿದಿನ ಬಿದ್ದು ಎದ್ದವನಿಗೆ ಓಡಿಹೋಗುವುದು ಅವಮಾನ ಅನ್ನಿಸುವುದಿಲ್ಲ. ಸೋಲು ಅಂದರೆ ಏನು ಅಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ, ಅದರಿಂದ ಯಾರೂ ಸಾಯುವುದಿಲ್ಲ ಅನ್ನೋದೂ ಗೊತ್ತಿರುತ್ತದೆ.

ಹಾಗಾಗಿ ದೂರದ ಊರಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಕಡೆಯವರಿಗೆ ನಾನು ಹೇಳುವುದು ಇಷ್ಟು. ಹಣ ಕಟ್ಟುವ ಮುಂಚೆ ಒಂದು ಸಂಜೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಗೋಡೆಯ ಮೇಲಿನ ಪದಕ ಎಣಿಸಬೇಡಿ. ಅಲ್ಲಿನ ದೊಡ್ಡ ಹುಡುಗ ಸಣ್ಣ ಹುಡುಗನ ಜೊತೆ ಎಷ್ಟು ಬಲ ಹಾಕುತ್ತಾನೆ, ಉಸ್ತಾದರು ‘ಬಸ್’ ಅಂದಾಗ ಎಷ್ಟು ಬೇಗ ಕೈ ಬಿಡುತ್ತಾನೆ, ಅದನ್ನು ನೋಡಿ. ತಕ್ಷಣ ಬಿಟ್ಟರೆ ಮಗನನ್ನು ಅಲ್ಲಿ ಸೇರಿಸಿ.