ಗೀರು ಬಿದ್ದ ಹೊಸ ಕಾರು

ಮಾಗಡಿಯಲ್ಲಿ ಹೊಸ ಕಾರು ಕೊಳ್ಳುವವನಿಗೆ ವೇದಾಂತ ಬಿಟ್ಟಿ ಸಿಗುತ್ತದೆ. ಬಾಗಿಲ ಮೇಲೆ ಗೀರಿದೆ ಎಂದು ಬಾಯಿ ಬಿಟ್ಟರೆ ಸಾಕು, ಷೋರೂಮಿನ ಹುಡುಗನಿಂದ ಸೋದರಮಾವನವರೆಗೆ ಎಲ್ಲರದೂ ಒಂದೇ ರಾಗ: "ಎಂಜಿನ್ ಚೆನ್ನಾಗೈತಲ್ಲ, ತಾವರೆಕೆರೆ ದಾಟೋಷ್ಟ್ರಲ್ಲಿ ಇನ್ನೆರಡು ಬೀಳ್ತವೆ, ಸುಮ್ನೆ ತಗೋ." ಕೇಳಿ ಕೇಳಿ ಮೈ ಉರಿದಿದೆ. ಈ ಮಾತು ತಪ್ಪು, ಬೇಡವೆನ್ನುವುದೇ ಸರಿ ಎಂದು ತೋರಿಸಲು ಕೂತಿದ್ದೇನೆ.

ಗೀತೆಯ ಅನಾಸಕ್ತಿಗೂ ಜಪಾನಿನವರ ಬಿರುಕಿನ ಸೌಂದರ್ಯಕ್ಕೂ ದೂರದಿಂದಲೇ ಕೈಮುಗಿಯುತ್ತೇನೆ. ಎಲ್ಲ ಪ್ರಶ್ನೆಗೂ ಒಂದೇ ಉತ್ತರವಿರುವ ಕಡೆ ಜಗಳಕ್ಕೆ ರುಚಿಯಿಲ್ಲ. ನನಗೆ ಬೇಕಾದ ಎದುರಾಳಿ ಎಪಿಕ್ಟೆಟಸ್. ರೋಮನ್ನರ ಕಾಲದಲ್ಲಿ ಗುಲಾಮನಾಗಿದ್ದ ಕುಂಟ ದಾರ್ಶನಿಕ. ಆತನಿಗೆ ಸಮಾಧಾನದ ಪಾಠ ಹೇಳುವ ಹಕ್ಕಿತ್ತು. ಮಡಕೆ ಇಷ್ಟವಾದರೆ, ಇಷ್ಟಪಟ್ಟದ್ದು ಬರೀ ಮಡಕೆಯನ್ನು ಎಂದುಕೊ, ಒಡೆದಾಗ ಕಲಕಿಹೋಗುವುದಿಲ್ಲ ಎನ್ನುತ್ತಾನೆ. ಎಣ್ಣೆ ಚೆಲ್ಲಿತೆ, ದ್ರಾಕ್ಷಾರಸ ಕಳುವಾಯಿತೆ? ನೆಮ್ಮದಿಗೆ ತೆರುವ ಬೆಲೆ ಇದು ಎಂದುಕೊ. ಸ್ವಂತ ಮನೆಯ ಕಬ್ಬಿಣದ ದೀಪ ಕಳುವಾದಾಗ, ನಾಳೆ ಮಣ್ಣಿನ ದೀಪ ಕೊಂಡರಾಯಿತು ಎಂದವನು ಆತ.

ಆದರೆ ಆ ಮಡಕೆ, ಎಣ್ಣೆ, ದೀಪ ಎಲ್ಲ ಆಗಲೇ ಅವನವು. ಷೋರೂಮಿನಲ್ಲಿ ನಿಂತ ಕಾರು ನನ್ನದಿನ್ನೂ ಆಗಿಲ್ಲ. ಕಳೆದುಕೊಳ್ಳುವುದನ್ನು ಕಲಿಸಿದವನ ಮಾತನ್ನು ಕೊಳ್ಳುವವನ ತಲೆಗೆ ಕಟ್ಟುವುದು ಯಾವ ನ್ಯಾಯ? ಸರಕನ್ನು ಪರೀಕ್ಷಿಸಿ ನೋಡುವ ಅವಕಾಶವನ್ನು 1930ರ ಸರಕು ಮಾರಾಟ ಕಾಯ್ದೆಯೇ ಕೊಟ್ಟಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗುಣಮಟ್ಟದ ಕೊರತೆಯೂ ದೋಷವೇ. ನನ್ನ ನೆಮ್ಮದಿಗೆ ನಾನು ತೆರುವ ಬೆಲೆ ಡೀಲರನ ಜೇಬಿಗೆ ಏಕೆ ಹೋಗಬೇಕು?

ಇನ್ನು, ಬರೀ ಬಣ್ಣ ಎನ್ನುವ ಮಾತು. ಕಾರ್ಖಾನೆಯಲ್ಲಿ ಬರಿಯ ಲೋಹದ ಒಡಲಿಗೆ ಪದರ ಪದರವಾಗಿ ಬಣ್ಣ ಹೊಡೆದು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಸೀಟು, ವೈರು, ಪ್ಲಾಸ್ಟಿಕ್ ಎಲ್ಲ ಜೋಡಿಸಿದ ಮೇಲೆ ಅಷ್ಟು ಕಾಯಿಸಲಾಗದು. ವರ್ಕ್‌ಶಾಪಿನ ಒಲೆ 60–80ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾಗಾಗಿ "ಟಚಪ್ ಮಾಡಿ ಹೊಸದರಂಗೇ ಮಾಡ್ಕೊಡ್ತೀವಿ" ಎಂಬ ಮಾತಿನಲ್ಲಿ ಸುಳ್ಳಿನ ಪಾಲೂ ಇದೆ.

ಒಪ್ಪಬೇಕಾದದ್ದೂ ಇದೆ. ನಾನು ಕಂಡ ಗೀರಿಗೆ ಉಗುರು ಸಿಕ್ಕುತ್ತಿರಲಿಲ್ಲ. ಅಂದರೆ ಮೇಲಿನ ಪಾರದರ್ಶಕ ಪದರದಲ್ಲಷ್ಟೇ ಇತ್ತು, ಬಫಿಂಗ್‌ಗೆ ಹೋಗುವಂಥದು. ಮತ್ತೆ ನನ್ನ ಸಿಟ್ಟು ಯಾವುದರ ಮೇಲೆ? ಗೀರಿದ್ದ ಬಾಗಿಲನ್ನು ಗೋಡೆಗೆ ತಿರುಗಿಸಿ, ಬಾನೆಟ್ಟಿಗೆ ಕೆಂಪು ರಿಬ್ಬನ್ ಕಟ್ಟಿ ನಿಲ್ಲಿಸಿದ್ದರಲ್ಲ, ಅದರ ಮೇಲೆ. ಎಪಿಕ್ಟೆಟಸ್ ಇಲ್ಲಿ ಗೆಲ್ಲುತ್ತಾನೆ: ದೀಪ ಕದ್ದವನು ಆ ದೀಪಕ್ಕಾಗಿ ಕಳ್ಳನಾದ, ಬೆಲೆ ತೆತ್ತವನು ಅವನೇ ಎನ್ನುತ್ತಾನೆ. ಬಾಗಿಲು ಬಚ್ಚಿಟ್ಟವರೂ ತೆತ್ತರು ಎಂದುಕೊಳ್ಳೋಣ.

ಚನ್ನಪಟ್ಟಣದ ಅರಗಿನ ಬೊಂಬೆಯಲ್ಲಿ ಬಣ್ಣದ ಪಟ್ಟೆ ಓರೆಯಾಗಿದ್ದರೆ ಯಾರೂ ಜಗಳವಾಡುವುದಿಲ್ಲ, ಕೈಕೆಲಸ ಎನ್ನುತ್ತೇವೆ. ಕಾರು ಯಂತ್ರದ್ದು, ಎಲ್ಲವೂ ಒಂದೇ ಥರ ಇರುತ್ತದೆಂಬ ಭರವಸೆಗೇ ನಾವು ದುಡ್ಡು ಕೊಡುವುದು ಎಂದು ವಾದಿಸಲು ಹೊರಟೆ. ವಾದ ನಿಲ್ಲಲಿಲ್ಲ. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ 1999ರಿಂದ ಗಾಡಿ ತಯಾರಿಸುತ್ತಿದೆ (ನನ್ನದು ಅಲ್ಲಿಯದಲ್ಲ). ಹೊಸ ಕಾರು ಹೇರಿಕೊಂಡ ಟ್ರೇಲರ್‌ಗಳು ನಮ್ಮ ಕಡೆಯವರಿಗೆ ಹೊಸ ನೋಟವಲ್ಲ. ಹತ್ತಿಸುವವರು, ಇಳಿಸುವವರು, ಸ್ಟಾಕ್‌ಯಾರ್ಡಿನಲ್ಲಿ ಮಣ್ಣು ಮೆತ್ತಿದ ಬಟ್ಟೆಯಲ್ಲೇ ಒರೆಸುವ ಹುಡುಗ, ಎಲ್ಲರ ಕೈಯೂ ಕಾರಿಗೆ ತಾಗಿರುತ್ತದೆ. ನಾನು ಬೇಡವೆಂದರೆ ಬೈಗುಳ ತಿನ್ನುವವನು ಆ ಹುಡುಗ. ಗುಲಾಮನಾಗಿದ್ದವನಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಇದಕ್ಕಿಂತ ಕೊರೆದದ್ದು ಇನ್ನೊಂದು. ನಾನು ಒಲ್ಲೆನೆಂದ ಕಾರು ಗುಜರಿಗೆ ಹೋಗುವುದಿಲ್ಲ. ಉಜ್ಜಿ ಹೊಳಪು ಕೊಟ್ಟು, ಸರಿಯಾಗಿ ನೋಡದ ಇನ್ನೊಬ್ಬರಿಗೆ, ಬಹುಶಃ ಮೊದಲ ಸಲ ಕಾರು ಕೊಳ್ಳುವ ಯಾರೋ ರೈತನಿಗೆ, ಪೂರ್ತಿ ಬೆಲೆಗೇ ದಾಟಿಸುತ್ತಾರೆ. ನನ್ನ ಹಕ್ಕು ಚಲಾಯಿಸಿದ್ದರಿಂದ ಗೀರು ಮಾಯವಾಗದು, ಮನೆ ಬದಲಾಯಿಸುತ್ತದೆ. ಇನ್ನೂ ನನ್ನದಾಗದ ವಸ್ತುವಿನ ಬಗ್ಗೆ ಎಪಿಕ್ಟೆಟಸ್ ಏನೂ ಹೇಳಿಲ್ಲವೆಂದು ಗೇಲಿ ಮಾಡಿದೆನಲ್ಲ, ನನ್ನ ನಂತರ ಬರುವವನ ಬಗ್ಗೆ ನನ್ನ ವಾದವೂ ಏನನ್ನೂ ಹೇಳಿರಲಿಲ್ಲ.

ಕೊನೆಗೆ ಗೀರನ್ನು ಡೆಲಿವರಿ ಕಾಗದದಲ್ಲಿ ಬರೆಸಿ, ಸೀಲು ಹಾಕಿಸಿ, ಸ್ವಲ್ಪ ಬೆಲೆ ಇಳಿಸಿಕೊಂಡು ತಂದೆ. ಮುಂದಿನವನ ಮೇಲಿನ ಕನಿಕರದಿಂದಲೋ, ಮನೆಯವರೆಲ್ಲ ನಿಂಬೆಹಣ್ಣು, ಕುಂಬಳಕಾಯಿ ಹಿಡಿದು ಕಾಯುತ್ತಿದ್ದರೆಂದೋ, ಹೇಳಲಾರೆ. ಸೋದರಮಾವನಂತೂ ಗೆದ್ದೆನೆಂದೇ ತಿಳಿದಿದ್ದಾನೆ.

ಇಷ್ಟು ಮಾತ್ರ ಹೇಳಬಲ್ಲೆ. ವಾರಂಟಿಯಡಿ ಕೆಟ್ಟ ಭಾಗವನ್ನು ಬದಲಿಸಬೇಕೇ ಹೊರತು ಇಡೀ ಕಾರನ್ನಲ್ಲ ಎಂದು 2006ರಲ್ಲಿ ಮಾರುತಿ ಕಂಪನಿಯ ಕ್ಲಚ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ಲಚ್ಚಿಗೇ ಆ ಗತಿಯಾದರೆ ಗೀರಿನ ಪಾಡೇನು? ಕೆಎ-42 ನಂಬರು ಬೀಳುವ ಮುಂಚೆಯೇ ಗಾಡಿಯನ್ನು ಬಿಸಿಲಿಗೆ ತರಿಸಿ ಸುತ್ತ ನೋಡಿ. ಬೇಕೋ ಬೇಡವೋ ನೀವೇ ತೀರ್ಮಾನಿಸಿ.