ರಾತ್ರಿ ಎತ್ತಿದ ಕೈಗಳು

  

ಬೈಬಲ್‌ನಲ್ಲಿ ಪ್ರಲಾಪಗಳು ಎರಡನೇ ಅಧ್ಯಾಯ, 19ನೇ ವಚನ ತೆಗೆಯಿರಿ. ಮೊಬೈಲ್ ಆದರೂ ಪರವಾಗಿಲ್ಲ. ಯೆರೂಸಲೇಮ್ ಹಾಳಾಗಿದೆ. ಬೀದಿಯ ಮೂಲೆಮೂಲೆಯಲ್ಲಿ ಮಕ್ಕಳು ಹಸಿವಿನಿಂದ ಕುಸಿದು ಬೀಳ್ತಿದ್ದಾರೆ. ರಾತ್ರಿ ಎದ್ದು ಕರ್ತನ ಮುಂದೆ ಅಳಬೇಕು, ಆ ಮಕ್ಕಳ ಪ್ರಾಣಕ್ಕೋಸ್ಕರ ಕೈ ಎತ್ತಬೇಕು ಅಂತ ಆ ಪಟ್ಟಣಕ್ಕೆ ಕರೆ ಬರುತ್ತೆ.

ಪ್ರಿಯರೇ, ನಾವೂ ರಾತ್ರಿ ಕೈ ಎತ್ತುತ್ತೇವೆ. ವೀಸಾಗೆ, ಪ್ರಮೋಷನ್‌ಗೆ, ಮದುವೆಗೆ. ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಬೀದಿಯಲ್ಲಿ ಮಲಗಿರೋ ಮಗುವಿಗೋಸ್ಕರ ಕೊನೆಯ ಸಲ ಕೈ ಎತ್ತಿದ್ದು ಯಾವಾಗ?

ನನ್ನದೇ ಒಂದು ಸಾಕ್ಷಿ ಹೇಳ್ತೀನಿ. ಇದು ಜಯದ ಸಾಕ್ಷಿ ಅಲ್ಲ. ಕೆಲವು ವರ್ಷಗಳ ಹಿಂದೆ ರಾತ್ರಿ ಪ್ರಾರ್ಥನೆಗೆ ಹೊರಟಿದ್ದೆ. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸಬೇಕಿತ್ತು. ಒಬ್ಬ ಹುಡುಗ ಬಂದು ನನ್ನ ಬ್ಯಾಗ್ ಹಿಡಿದು ಎಳೆದ. ಹತ್ತು ರೂಪಾಯಿ ಕೊಟ್ಟೆ. "ದುಡ್ಡು ಬೇಡ ಅಣ್ಣಾ, ದೊಡ್ಡ ಹುಡುಗ್ರು ಕಿತ್ಕೊಳ್ತಾರೆ. ಊಟ ಕೊಡ್ಸಿ" ಅಂದ. ಅಷ್ಟರಲ್ಲಿ ನನ್ನ ಬಸ್ ಬಂತು. ನಾನು ಹತ್ತಿಬಿಟ್ಟೆ. ಆ ರಾತ್ರಿ ನಗರದ ರಕ್ಷಣೆಗಾಗಿ ಬೆಳಗಿನ ತನಕ ಅನ್ಯಭಾಷೆಯಲ್ಲಿ ಪ್ರಾರ್ಥಿಸಿದೆ. ಆದರೆ ಆ ಹುಡುಗನ ಹೆಸರು ಸಹ ನಾನು ಕೇಳಿರಲಿಲ್ಲ. ಮುಂದಿನ ವಾರ ಹುಡುಕಿದೆ, ಅವನು ಸಿಗಲಿಲ್ಲ.

ಮಾರ್ಕನ ಸುವಾರ್ತೆ ಐದನೇ ಅಧ್ಯಾಯ ನೋಡಿ. ಯಾಯೀರನ ಮಗಳು, ಹನ್ನೆರಡು ವರ್ಷದವಳು, ಸತ್ತಿದ್ದಳು. ಯೇಸು ಕೈಹಿಡಿದು ಎಬ್ಬಿಸಿದ. ಎಲ್ಲರೂ ಬೆರಗಾಗಿ ನಿಂತಿದ್ದಾಗ ಆತನು ಇನ್ನೊಂದು ಮಾತು ಹೇಳಿದ: ಅವಳಿಗೆ ಊಟ ಕೊಡಿ ಅಂತ. ಅದ್ಭುತವನ್ನು ಕರ್ತನೇ ಮಾಡಿದ, ಊಟವನ್ನು ಮನೆಯವರ ಕೈಗೆ ಬಿಟ್ಟ. ನಾವು ಅದ್ಭುತಕ್ಕೆ ಚಪ್ಪಾಳೆ ಹೊಡೆದು ಊಟವನ್ನು ಮರೀತೀವಿ, ಅಲ್ವಾ?

ಊಟ ಮರೆಯದ ಒಬ್ಬ ಯೌವನಸ್ಥನ ಬಗ್ಗೆ ಕೇಳಿ. ಥಾಮಸ್ ಬಾರ್ನಾರ್ಡೊ ಡಬ್ಲಿನ್‌ನಲ್ಲಿ 1845ರಲ್ಲಿ ಹುಟ್ಟಿದವರು. ಚೀನಾಕ್ಕೆ ಮಿಷನರಿ ಡಾಕ್ಟರಾಗಿ ಹೋಗಬೇಕು ಅಂತ 1866ರಲ್ಲಿ ಲಂಡನ್‌ಗೆ ಬಂದರು. ಅಲ್ಲಿ ಬಡಮಕ್ಕಳಿಗೆ ಪಾಠ ಹೇಳ್ತಿದ್ದಾಗ, ಒಂದು ರಾತ್ರಿ ಜಿಮ್ ಜಾರ್ವಿಸ್ ಅನ್ನೋ ಹುಡುಗ ಮನೆಗೆ ಹೊರಡಲಿಲ್ಲ. ಅವನಿಗೆ ಮನೆಯೇ ಇರಲಿಲ್ಲ. ಆ ಜಿಮ್ ಇವರನ್ನು ಕರೆದುಕೊಂಡು ಹೋಗಿ, ಚಳಿಯಲ್ಲಿ ಮಾಡಿನ ಮೇಲೆ ಮಲಗಿದ್ದ ಹುಡುಗರನ್ನು ತೋರಿಸಿದ. ಬಾರ್ನಾರ್ಡೊ ಚೀನಾಕ್ಕೆ ಹೋಗಲೇ ಇಲ್ಲ. 1870ರಲ್ಲಿ ಸ್ಟೆಪ್ನಿಯಲ್ಲಿ ಹುಡುಗರಿಗಾಗಿ ಮನೆ ತೆರೆದರು. ಬರೀ ಹಾಸಿಗೆ ಕೊಡಲಿಲ್ಲ. ಮರಗೆಲಸ, ಚಪ್ಪಲಿ ಹೊಲಿಯೋದು, ಹೀಗೆ ಬದುಕೋಕೆ ಒಂದು ಕೆಲಸ ಕಲಿಸಿದರು.

ಒಂದು ಸಂಜೆ ಜಾನ್ ಸೋಮರ್ಸ್ ಅನ್ನೋ ಹನ್ನೊಂದು ವರ್ಷದ ಹುಡುಗ ಬಂದ. ಮನೆ ತುಂಬಿತ್ತು, ಜಾಗ ಇಲ್ಲ ಅಂತ ವಾಪಸ್ ಕಳಿಸಿದರು. ಕೆಲವೇ ದಿನಗಳಲ್ಲಿ ಅವನು ಹಸಿವಿನಿಂದ, ಚಳಿಯಿಂದ ಸತ್ತು ಬಿದ್ದಿದ್ದ. ದಿಕ್ಕಿಲ್ಲದ ಯಾವ ಮಗುವನ್ನೂ ಇಲ್ಲಿಂದ ಹಿಂದಕ್ಕೆ ಕಳಿಸೋದಿಲ್ಲ ಅನ್ನೋ ಫಲಕ ಬಾಗಿಲಿಗೆ ಬಂದದ್ದು ಆಮೇಲೆ. 1905ರಲ್ಲಿ ಅವರು ತೀರಿಕೊಂಡಾಗ 96 ಮನೆಗಳಲ್ಲಿ 8,500ಕ್ಕೂ ಹೆಚ್ಚು ಮಕ್ಕಳಿದ್ದರು. ದೇವಜನರೇ, ಆ ಸೇವೆ ಬೆಳೆದದ್ದು ಒಂದು ಸೋಲಿನ ಮೇಲೆ. ನಿಮ್ಮ ಸೋಲನ್ನೂ ಕರ್ತನು ಬಾಗಿಲು ಮಾಡಬಲ್ಲ!

ಅವರು ತಪ್ಪನ್ನೂ ಮಾಡಿದರು. ಕೆಲವು ಮಕ್ಕಳನ್ನು ತಂದೆತಾಯಿ ಒಪ್ಪಿಗೆ ಇಲ್ಲದೆ ಕರೆದುಕೊಂಡರು, ಎಷ್ಟೋ ಮಕ್ಕಳನ್ನು ದೂರದ ಕೆನಡಾಕ್ಕೆ ಕಳಿಸಿದರು. ಒಳ್ಳೇ ಮನಸ್ಸಿದ್ದರೂ ಗಾಯ ಆಗುತ್ತೆ. ಅದಕ್ಕೇ ಹೇಳ್ತೀನಿ, ಆವೇಶದಲ್ಲಿ ಯಾವ ಮಗುವನ್ನೂ ನೀವೇ ಮನೆಗೆ ಕರೆದುಕೊಂಡು ಹೋಗಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ, ಊಟ ಕೊಡಿಸಿ, ಹೆಸರು ಕೇಳಿ. 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ತೆಗೀತಾರೆ, ದುಡ್ಡಿಲ್ಲ. ಕಾನೂನಿನ ಪ್ರಕಾರ 24 ಗಂಟೆಯೊಳಗೆ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು. ಅವರು ಬರುವ ತನಕ ನೀವು ಬಸ್ ಹತ್ತಬೇಡಿ.

ಅಲ್ಲಿಗೆ ಮುಗೀತಾ? ಇಲ್ಲ. ಬೀದಿಯಿಂದ ಎತ್ತೋದು ಒಂದು ರಾತ್ರಿಯ ಕೆಲಸ, ಬದುಕು ಕಟ್ಟೋದು ವರ್ಷಗಳ ಕೆಲಸ. ಆ ಮಗು ಸುಳ್ಳು ಹೇಳಬಹುದು, ದಿಂಬಿನ ಕೆಳಗೆ ರೊಟ್ಟಿ ಬಚ್ಚಿಡಬಹುದು, ಓಡಿಹೋಗಬಹುದು. ನಾವೆಷ್ಟು ಸಲ ಓಡಿಹೋದ್ವಿ? ಕರ್ತನು ಬಾಗಿಲು ಹಾಕಿದ್ನಾ? ಕ್ರಿಸ್ಮಸ್‌ಗೆ ಒಂದು ಕೇಕ್, ಒಂದು ಸೆಲ್ಫಿ ಸಾಕಾಗಲ್ಲ. ಮಕ್ಕಳ ಮನೆಯಲ್ಲಿ ಅನುಮತಿ ಪಡೆದು, ಪ್ರತಿ ಶನಿವಾರ ಒಂದು ಗಂಟೆ ಗಣಿತ ಹೇಳಿಕೊಡಿ. ಮುಂದಿನ ಶನಿವಾರವೂ ಹೋಗಿ. ಬಿಟ್ಟುಹೋಗದ ಒಬ್ಬ ಮನುಷ್ಯನನ್ನು ಆ ಮಗು ನೋಡಲಿ.

ಈಗ ಕಣ್ಣು ಮುಚ್ಚೋಣ, ಕೈ ಎತ್ತೋಣ. ಕರ್ತನೇ, ನಾವು ದಾಟಿಹೋದ ಮಕ್ಕಳಿಗಾಗಿ ನಮ್ಮನ್ನು ಕ್ಷಮಿಸು. ಆ ಹುಡುಗ ಎಲ್ಲಿದ್ದರೂ ಕಾಪಾಡು. ಅವನ ಹೆಸರು ನಿನಗೆ ಗೊತ್ತು. ನಿನ್ನ ಮುಂದೆ ಎತ್ತಿದ ಈ ಕೈಗಳು ನಾಳೆ ಒಂದು ಮಗುವಿನ ಮುಂದೆ ತಟ್ಟೆ ಇಡಲಿ. ಯೇಸುವಿನ ನಾಮದಲ್ಲಿ ಬೇಡಿದ್ದೇವೆ ತಂದೆಯೇ. ಆಮೆನ್.