ರಿಚ್ಪಳ ಕಾವಲು

(ಆಧಾರ: ೨ ಸಮುವೇಲ ೨೧ನೆಯ ಅಧ್ಯಾಯ, ೧ರಿಂದ ೧೪ರ ವರೆಗಿನ ವಚನಗಳು)



ಸೌಲನು ಗಿಬ್ಯೋನ್ಯರನ್ನು ಕೊಂದ ದೋಷದ ನಿಮಿತ್ತ ದೇಶದಲ್ಲಿ ಮೂರು ವರುಷ ಬರ ಬಿದ್ದಿತು. ಆಗ ಗಿಬ್ಯೋನ್ಯರು ಸೌಲನ ಸಂತತಿಯವರಲ್ಲಿ ಏಳು ಮಂದಿಯನ್ನು ಕೇಳಿ ತೆಗೆದುಕೊಂಡು, ಸುಗ್ಗಿಯ ಆರಂಭದಲ್ಲಿ ಬೆಟ್ಟದ ಮೇಲೆ ತೂಗಹಾಕಿದರು. ರಿಚ್ಪಳೆಂಬ ಸ್ತ್ರೀಯು ಬಂಡೆಯ ಮೇಲೆ ಗೋಣಿತಟ್ಟನ್ನು ಹಾಸಿಕೊಂಡು, ಮಳೆ ಬೀಳುವ ತನಕ ಅಲ್ಲಿಂದ ಕದಲಲಿಲ್ಲ. ಹಗಲಲ್ಲಿ ಹಕ್ಕಿಗಳನ್ನೂ ರಾತ್ರಿಯಲ್ಲಿ ಕಾಡುಮೃಗಗಳನ್ನೂ ಆ ಹೆಣಗಳ ಹತ್ತಿರ ಬರಗೊಡಲಿಲ್ಲ. ಹೊಲದಲ್ಲಿ ಅಟ್ಟಣೆ ಕಟ್ಟಿ ಜೋಳದ ತೆನೆ ಕಾದಿರುವ ನಿಮಗೆ, ಒಂದೇ ರಾತ್ರಿಯ ಕಾವಲು ಎಷ್ಟು ದೀರ್ಘವೆಂಬದು ಗೊತ್ತು.

ಈ ಕಥೆಯನ್ನು ನಾವು ಎಷ್ಟೋ ಸಾರಿ ಓದಿ, ತಾಯಿಯ ಪ್ರೀತಿ ಇಂಥಾದ್ದೆಂದು ಹೇಳಿ ಮುಂದಕ್ಕೆ ಹೋಗಿದ್ದೆವು. ಒಂದು ಸಂಗತಿಯನ್ನು ಬಹುಕಾಲ ಕಾಣಲೇ ಇಲ್ಲ. ಆ ಏಳು ಹೆಣಗಳಲ್ಲಿ ಅವಳ ಮಕ್ಕಳು ಇಬ್ಬರೇ. ಮಿಕ್ಕ ಐವರು ಸೌಲನ ಮಗಳ ಮಕ್ಕಳು. ಅವರ ಮೇಲೆ ಎರಗಿದ ಹಕ್ಕಿಯನ್ನೂ ಅವಳು ಓಡಿಸಿದಳು.

ನವೆಂಬರ ತಿಂಗಳಲ್ಲಿ ಯುದ್ಧದಲ್ಲಿ ಮಡಿದವರನ್ನು ನೆನಸುವ ಆದಿತ್ಯವಾರವನ್ನು ಕೆಲವು ಸಭೆಗಳಲ್ಲಿ ಆಚರಿಸುತ್ತೇವಷ್ಟೆ. ಆಗ ನಾವು ನೆನಸುವದು ನಮ್ಮ ಕಡೆಯವರನ್ನೇ. ನೆನಸಲೇಬೇಕು. ೧೯೧೮ನೆಯ ಸೆಪ್ಟೆಂಬರ ೨೩ರಲ್ಲಿ ಮೈಸೂರು ಸಂಸ್ಥಾನದ ಕುದುರೆ ಸವಾರರು, ಜೋಧಪುರದವರೊಂದಿಗೆ ಸೇರಿ, ಹೈಫಾ ಪಟ್ಟಣವನ್ನು ಹಿಡಿದರು. ಎಲೀಯನು ಯಜ್ಞವೇದಿಯನ್ನು ಕಟ್ಟಿದ ಕರ್ಮೆಲ್ ಬೆಟ್ಟವೇ ಅದು. ಕೆಳಗೆ ಹರಿಯುವದು ಅದೇ ಕೀಷೋನ್ ಹಳ್ಳ. ಬೆಟ್ಟದ ಮೇಲಿನ ತೋಪುಗಳಿಗೆ ಎದುರಾಗಿ ನಮ್ಮ ನಾಡಿನ ಸವಾರರು ಭರ್ಜಿ ಹಿಡಿದು ಏರಿದರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿರುವ ಅವರ ಸ್ಮಾರಕದ ಮುಂದೆ ನಾವು ಒಮ್ಮೆ ನಿಂತಿದ್ದೆವು. ಸುತ್ತಲೂ ಬಂಡಿಗಳ ಗದ್ದಲ. ತಲೆಯೆತ್ತಿ ನೋಡುವವರು ಯಾರೂ ಇರಲಿಲ್ಲ.

ಆದರೆ ಬೆಟ್ಟದ ಮೇಲೆ ಎದುರಾಗಿ ನಿಂತವರು ಯಾರು? ತುರ್ಕಿಯವರು, ಆಸ್ಟ್ರಿಯದವರು, ಜರ್ಮನಿಯವರು. ಇಲ್ಲಿ ನಮ್ಮ ಮನಸ್ಸು ತಡೆದು ನಿಲ್ಲುತ್ತದೆ. ಯಾಕಂದರೆ ೧೮೯೪ರಲ್ಲಿ ನಮ್ಮ ನುಡಿಯ ದೊಡ್ಡ ನಿಘಂಟನ್ನು ಕೊಟ್ಟ ಕಿಟ್ಟೆಲ್ ಅಯ್ಯನವರು ಹುಟ್ಟಿದ್ದು ಜರ್ಮನಿಯಲ್ಲಿ. ಇಪ್ಪತ್ತು ವರುಷಗಳ ಮೇಲೆ, ೧೯೧೪ರಲ್ಲಿ ಯುದ್ಧ ಹತ್ತಿದಾಗ, ಬಾಸೆಲ್ ಮಿಶನಿನ ಜರ್ಮನ್ ಬೋಧಕರನ್ನು ಸರಕಾರವು ಶತ್ರುಗಳೆಂದೆಣಿಸಿ ಕಾವಲಿನಲ್ಲಿರಿಸಿತು. ನಮ್ಮ ಮುತ್ತಜ್ಜಂದಿರಿಗೆ ಅಕ್ಷರ ಕಲಿಸಿದವರ ಮನೆತನದ ಹುಡುಗರು ಆ ಬೆಟ್ಟದ ಮೇಲೆಯೂ ಇದ್ದಿರಬಹುದಲ್ಲವೋ? ಅವರಿಗೂ ತಾಯಂದಿರಿದ್ದರು. ೨೦೨೩ರಿಂದೀಚೆಗೆ ಅದೇ ಸೀಮೆಯಲ್ಲಿ ಎರಡು ಕಡೆಗಳಲ್ಲಿಯೂ ಎಷ್ಟು ಮಂದಿ ರಿಚ್ಪಳಂತೆ ಕುಳಿತರೆಂಬದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ.

ರಿಚ್ಪಳು ಒಂದು ಮಾತನ್ನಾದರೂ ಆಡಿದಳೆಂದು ವೇದದಲ್ಲಿ ಬರೆದಿಲ್ಲ. ಆದರೂ ಅವಳು ಮಾಡಿದ್ದು ದಾವೀದನ ಕಿವಿಗೆ ಬಿತ್ತು. ತನ್ನನ್ನು ಕೊಲ್ಲಬೇಕೆಂದು ಅಡವಿ ಅಡವಿಗೆ ಅಟ್ಟಿದ ಸೌಲನ ಎಲುಬುಗಳನ್ನು ಅವನು ಯಾಬೇಷಿನಿಂದ ತರಿಸಿದನು; ಗೆಳೆಯನಾದ ಯೋನಾತಾನನವುಗಳನ್ನೂ ತರಿಸಿದನು; ತೂಗಹಾಕಲ್ಪಟ್ಟವರವುಗಳನ್ನೂ ಕೂಡಿಸಿದನು. ತಂದೆಮಗಂದಿರನ್ನು ಕೀಷನ ಸಮಾಧಿಯಲ್ಲಿ ಹೂಣಿಸಿದನು. ಅದಾದ ಮೇಲೆಯೇ ದೇವರು ದೇಶದ ಮೊರೆಯನ್ನು ಲಾಲಿಸಿದನು. ಅರಸನಿಗೆ ಇದನ್ನು ಮೊದಲೇ ಮಾಡುವದಕ್ಕೆ ಏನು ಅಡ್ಡಿಯಾಗಿತ್ತು? ನಮಗೆ ಅಡ್ಡಿಯಾದದ್ದನ್ನು ಹೇಳುತ್ತೇವೆ.

ನಾವು ಸೇವೆ ಮಾಡುತ್ತಿದ್ದ ಒಂದು ಸಭೆಯಲ್ಲಿ ಅಣ್ಣತಮ್ಮಂದಿರಿಬ್ಬರಿಗೆ ಹೊಲದ ಬದುವಿನ ವಿಷಯವಾಗಿ ವ್ಯಾಜ್ಯವಿತ್ತು. ತಮ್ಮನು ಸೈನ್ಯದಲ್ಲಿದ್ದು ಬಂದವನು. ಅಣ್ಣನು ತೀರಿಕೊಂಡ ದಿನ ತಮ್ಮನು ಹೂಳುವ ಭೂಮಿಯ ಬೇಲಿಯ ಆಚೆ, ಹೆಗಲಿನ ವಸ್ತ್ರವನ್ನು ಕೈಯಲ್ಲಿ ಹಿಡಿದು ನಿಂತಿದ್ದನು. ನಾವು ಅವನನ್ನು ಕಂಡೆವು. ಸತ್ತವನ ಮಕ್ಕಳು ನಮ್ಮ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಹೆದರಿ, ಪುಸ್ತಕವನ್ನು ತೆರೆದು, ಪ್ರಾರ್ಥನೆಯನ್ನು ಮುಗಿಸಿಬಿಟ್ಟೆವು. ಶತ್ರುಗಳನ್ನು ಪ್ರೀತಿಸುವ ವಿಷಯದಲ್ಲಿ ಎಷ್ಟೋ ಬೋಧಿಸಿದ್ದ ಬಾಯಿ ಆ ಹೊತ್ತು ಒಂದು ಹೆಸರನ್ನು ಕರೆಯಲಿಲ್ಲ.

ನಾಲ್ಕು ತಿಂಗಳಾದ ಮೇಲೆ, ಆ ನವೆಂಬರ ಆದಿತ್ಯವಾರಕ್ಕೆ ಮುಂಚೆ, ಅವನು ನಮ್ಮ ಬಾಗಿಲಿಗೆ ಬಂದನು. "ಅಯ್ಯನವರೇ, ಯುದ್ಧದಲ್ಲಿ ಸತ್ತವರ ಹೆಸರು ಓದುತ್ತೀರಲ್ಲಾ, ನಮ್ಮಣ್ಣನ ಹೆಸರನ್ನೂ ಒಂದು ಸಾರಿ ಓದುತ್ತೀರಾ? ನಾನು ಒಂದು ಹಿಡಿ ಮಣ್ಣು ಹಾಕಲಿಲ್ಲ" ಅಂದನು. ನಮಗೆ ಉತ್ತರ ತೋಚಲಿಲ್ಲ. ಆ ಸಾಯಂಕಾಲವೇ ಅಣ್ಣನ ಮನೆಗೆ ಹೋದೆವು. ಮೊದಲನೆಯ ದಿನ ಹಿರಿಯ ಮಗನು ಕೂತುಕೊಳ್ಳಿರೆಂದು ಹೇಳಲಿಲ್ಲ. ಎರಡನೆಯ ಸಾರಿಯೂ ಇಲ್ಲ. ಮೂರನೆಯ ಸಾರಿ ಚಾಪೆ ಹಾಸಿದನು.

ಶನಿವಾರ ಎರಡು ಮನೆಯವರೂ ಕುಡುಗೋಲು ಹಿಡಿದು ಬಂದು ಹೂಳುವ ಭೂಮಿಯ ಹುಲ್ಲನ್ನು ಕೊಯ್ದರು. ತಮ್ಮನು ಅಣ್ಣನ ಗೋರಿಯ ಮೇಲೆ ಮಣ್ಣು ಹಾಕಿದನು. ಹೆಚ್ಚು ಮಾತೇನೂ ನಡೆಯಲಿಲ್ಲ. ಬದುವಿನ ವ್ಯಾಜ್ಯ ಇನ್ನೂ ತೀರಿಲ್ಲ; ಸರ್ವೆಯವರು ಬರಬೇಕಾಗಿದೆ.